ಉಪಸರ್ಗಗಳ ಟ್ರಂಕು

ಬುಡನಸಾಬ ಮಾಸ್ತರರು ಟ್ರಂಕಿನೊಳಗೆ ಕೈ ಹಾಕಿದರು. ಬೆರಳಿಗೆ ತಗಡು ತಾಗಿತು.

ಮೂಲೆಮೂಲೆಗೂ ಕೈಯಾಡಿಸಿದರು. ಬರೀ ತಗಡು. ಪಕ್ಕದ ಟ್ರಂಕಿನ ಮುಚ್ಚಳ ಎತ್ತಿದರು. ಅದೂ ಖಾಲಿ. ಅವರ ಎಡಗಣ್ಣು ಹೋದ ವರ್ಷವೇ ಹೋಗಿತ್ತು. ಬಲಗಣ್ಣಿನ ಪೊರೆ ತೆಗೆಸಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಪಟ್ಟಿಯ ಮೇಲೆ ಹಸಿರು ಬಟ್ಟೆ ಇಳಿಬಿದ್ದಿತ್ತು. ಕಣ್ಣಿಲ್ಲದಾಗ ಕೈ ಹೇಳಿದ್ದನ್ನು ಎಷ್ಟು ನಂಬಬೇಕು? ಇವು ತಮ್ಮ ಟ್ರಂಕುಗಳು ಹೌದೋ ಅಲ್ಲವೋ ಎಂದು ಕೊಂಡಿಯನ್ನು ಸವರಿ ನೋಡಿದರು. ಅದೇ ಕೊಂಡಿ. ಬೀಗ ತೆರೆದದ್ದೂ ಈಗ ತಾವೇ, ಗೂಟಕ್ಕೆ ತೂಗುಹಾಕಿದ್ದ ಕೀಲಿಯಿಂದ.

"ಜೈಬೂ! ನನ್ನ ಚೀಟಿ ಎಲ್ಲಿ?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಡೆದೇ ಇತ್ತು. ಮತ್ತೆ ಕೂಗಿದರು. ಸಪ್ಪಳ ನಿಲ್ಲಲಿಲ್ಲ. ರೊಟ್ಟಿ ಹಂಚಿಗೆ ಬಿದ್ದ ಮೇಲೆ ಹೆಂಡತಿ ಜೈಬುನ್ನಿಸಾ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು.

"ಎದ್ದು ಅಡ್ಡಾಡಬ್ಯಾಡ್ರಿ ಅಂದಾರ ಡಾಕ್ಟರು. ಕುಂತ್ಕೋರಿ ಮೊದಲ."

* * *

ಹಿನಾಕೌಸರ ಆ ಮನೆಗೆ ಬಂದಾಗ ಪಿಎಸ್‌ಐ ಶಟ್ಟೆಪ್ಪ ಆಗಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹಿನಾ ಬೈಲಹೊಂಗಲದಿಂದ ಬೆಳಗಾವಿಯ ದಿನಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವವಳು. ಬುಡನಸಾಬ ಮಾಸ್ತರರ ಹಳೆಯ ವಿದ್ಯಾರ್ಥಿನಿ. ಹೈಸ್ಕೂಲಿನಲ್ಲಿ ಅವರು ಅವಳಿಗೆ ಕನ್ನಡ, ಉರ್ದು ಎರಡನ್ನೂ ಕಲಿಸಿದ್ದರು. ಅವಳು ಗೋಡೆಗೆ ಒರಗಿ ನಿಂತಳು. ಯಾರು ಎಲ್ಲಿ ನಿಂತಿದ್ದಾರೆ ಎಂದು ಒಮ್ಮೆ ನೋಡಿಕೊಂಡಳು. ಅದು ಅವಳ ಅಭ್ಯಾಸ.

"ಕಳುವಾದದ್ದು ಏನ್ರಿ? ಬಂಗಾರ?" ಶಟ್ಟೆಪ್ಪ ಕೇಳಿದರು.

"ಚೀಟಿ."

"ಯಾವ ಚೀಟಿ? ಓಸಿ, ಮಟಕಾ ಚೀಟಿ ಏನ್ರಿ ಮತ್ತ?"

ಬಾಗಿಲಲ್ಲಿದ್ದ ಪೊಲೀಸ ಮುಸಿಮುಸಿ ನಕ್ಕ. ಮಾಸ್ತರರು ನಗಲಿಲ್ಲ.

"ಶಬ್ದದ ಚೀಟೀರಿ. ಶಬ್ದದ ಮುಂದ ಹತ್ತಿಕೊಳ್ಳೂ ತುಣುಕು ಇರತಾವಲ್ಲ, ಉಪಸರ್ಗ ಅಂತಾರ. ನಾ, ಬೇ, ಗೈರ, ಅ, ನಿರ್. ಇಂಗ್ಲಿಷಿನ ಅನ್, ಇನ್. ಎಲ್ಲಾ ಇಲ್ಲ ಅಂತ ಹೇಳೂವು. ಯಾವುದು ಎಲ್ಲಿಂದ ಬಂತು, ಇಲ್ಲಿ ಬಂದು ಏನಾತು ಅಂತ ಬರದಿಟ್ಟಿದ್ದೆ."

"ಅಂದ್ರ?"

"ನೀವು ಠಾಣಾದಾಗ ದಿನಾ ಬರೀತೀರಿ. ನಾಪತ್ತೆ. ಗೈರಹಾಜರ. ಬೇವಾರಸಿ. ಪತ್ತೆ ಇಲ್ಲೀದು, ಮುಂದಿನ ನಾ ಪಾರಸೀದು. ಗೈರ ಅರಬ್ಬೀದು. ಕನ್ನಡ ಹಂಗಲ್ಲರಿ. ಕನ್ನಡ ಇಲ್ಲ ಅನ್ನೂದನ್ನ ಬೆನ್ನಿಗೆ ಹಚ್ಚತೈತಿ. ಬರೂದಿಲ್ಲ, ಮಾಡೂದಿಲ್ಲ. ಇಲ್ಲ ಅಂತ ಮೊದಲ ಹೇಳಿಬಿಡೂದನ್ನ ನಾವು ಮಂದಿಯಿಂದ ಕಲತೇವಿ. ಇದನ್ನ ತೋರಸಾಕ ಇಷ್ಟ ವರ್ಷ ಹಿಡೀತು. ಧಾರವಾಡದಾಗ ಅಚ್ಚು ಹಾಕತೇವಿ ಅಂದಿದ್ರು."

ಶಟ್ಟೆಪ್ಪ ಪೆನ್ನಿನಿಂದ ಕಿವಿ ಕೆರೆದುಕೊಂಡರು. "ಇದನ್ನ ಯಾರು ಕದೀತಾರ್ರಿ ಮಾಸ್ತರ?"

ಮಾಸ್ತರರು ಖಾಲಿ ಟ್ರಂಕಿನ ಕೊಂಡಿ ಸವರಿದರು. ಆಮೇಲೆ ಹೇಳಿದರು:

"ಬೇಕಾಗಿದ್ದು ಒಬ್ಬನಿಗೇರಿ. ಮಲ್ಲಿಕಾರ್ಜುನಗ. ಪಿಎಚ್‌ಡಿಗೆ ಅವನೂ ಇದನ್ನ ಬರೀತಾನ. ರವಿವಾರ ಬಂದಿದ್ದ. ಕೀಲಿ ಎಲ್ಲೈತಿ ಅವಗ ಗೊತ್ತು."

ಮಲ್ಲಿಕಾರ್ಜುನ ಸವದತ್ತಿಯವನು. ಅಲ್ಲಿನ ಕಾಲೇಜೊಂದರಲ್ಲಿ ತಾತ್ಕಾಲಿಕ ಉಪನ್ಯಾಸಕ. ಪ್ರತಿ ರವಿವಾರ ಬಸ್ಸು ಹಿಡಿದು ಬಂದು ಮಾಸ್ತರರ ಎದುರು ಕೂತು ವಾದ ಮಾಡುತ್ತಿದ್ದವನು. ಅವನು ಕಳ್ಳನೇ? ಆದರೆ ಹೇಳಿದವರು ಮಾಸ್ತರರು. ಯಾರನ್ನು ನಂಬುವುದು?

* * *

ಮರುದಿನ ಜೀಪು ಸವದತ್ತಿಗೆ ಹೋಯಿತು. ಮಲ್ಲಿಕಾರ್ಜುನನ ಕೋಣೆಯಲ್ಲಿ ಒಂದು ಕಟ್ಟು ಚೀಟಿ ಸಿಕ್ಕಿತು. ಮಾಸ್ತರರದೇ ಅಕ್ಷರ.

ಠಾಣೆಯ ಬೆಂಚಿನ ಮೇಲೆ ಅವನು ಬೆನ್ನು ಬಾಗಿಸಿ ಕೂತಿದ್ದ. ಹಿನಾಳನ್ನು ಕಂಡು ಎದ್ದುನಿಂತ.

"ಆ ಒಂದು ಕಟ್ಟು ಸರ್ ಕೊಟ್ಟದ್ದರಿ. ನಕಲು ಮಾಡು ಅಂತ. ಅವರನ್ನ ಕೇಳ್ರಿ."

"ಕೇಳಿದೆ. ಕೊಟ್ಟೆನೋ ಇಲ್ಲೋ ನೆನಪಿಲ್ಲ, ಔಷಧದ ಮಂಪರಿನ್ಯಾಗಿದ್ದೆ ಅಂತಾರ."

ಅವನು ಕಣ್ಣು ಮುಚ್ಚಿಕೊಂಡ. "ಸೋಮವಾರ ಇಂಟರ್‌ವ್ಯೂ ಐತ್ರಿ. ಕಾಯಂ ಹುದ್ದೆದ್ದು. ಕಳವಿನ ಕೇಸು ಬಿತ್ತಂದ್ರ ನನ್ನ ಒಳಗ ಬಿಟ್ಟುಕೊಳ್ಳೂದಿಲ್ಲ. ಜೀಪು ಬಂದಾಗಿಂದ ನಮ್ಮವ್ವ ಬಾಗಿಲಾ ತಗದಿಲ್ಲಂತ."

"ರವಿವಾರ ಹೋಗೂಮುಂದ ಕೈಯಾಗ ಚೀಲ ಇತ್ತಂತಲ್ಲ, ಅದರಾಗ ಏನ ಒಯ್ದ್ರಿ?"

"ಸರ್ ಮನಿ ಅಮ್ಮಾವ್ರು ಪ್ಯಾರಲಹಣ್ಣು ಕೊಟ್ಟಿದ್ರು."

ಶಟ್ಟೆಪ್ಪ ಒಳಗಿನಿಂದಲೇ ಹೇಳಿದರು: "ನೋಡ್ರಿ ಬಾಯಾರ, ಮಾಸ್ತರ ಮುಖಾ ನೋಡಿ ಇನ್ನಾ ಎಫ್‌ಐಆರ್ ಹಾಕಿಲ್ಲ. ನಾಳೆ ಸಂಜೀ ತನಕ. ಉಳಿದ ಮಾಲು ಎಲ್ಲೈತಿ ಅಂತ ಹೇಳಿದ್ರ ಛಲೋ. ಇಲ್ಲಾಂದ್ರ ಹಾಕೂದ."

* * *

ಬಸ್‌ಸ್ಟ್ಯಾಂಡಿನ ಹೊರಗೆ ಲಗಮಪ್ಪನ ಭಜಿ ಗಾಡಿ. ಮಾಸ್ತರರ ಪಕ್ಕದ ಮನೆಯವನೇ ಲಗಮಪ್ಪ. ಮುಂಜಾನೆಯಿಂದ ಹಿನಾ ಏನೂ ತಿಂದಿರಲಿಲ್ಲ. ಎರಡು ಮಿರ್ಚಿ ಭಜಿ ಕೇಳಿದಳು. ಒಂದನ್ನು ಕಡಿದು ಕಾಗದ ನೋಡಿದಳು. ಖಾರ ನೆತ್ತಿಗೇರಿದರೂ ನೀರು ಕುಡಿಯುವುದನ್ನು ಮರೆತಳು.

ಹಳೆಯ ಉತ್ತರಪತ್ರಿಕೆಯಲ್ಲಿ ಬರೆಯದೆ ಉಳಿದ ಅರ್ಧ ಹಾಳೆ. ಅದರ ಮೇಲೆ ಕೆಂಪು ಮಸಿಯಲ್ಲಿ ಒಂದು ಇಂಗ್ಲಿಷ್ ಪದ. ಅದರ ಮುಂದಿನ 'ಅನ್' ಕೆಳಗೆ ಎರಡು ಗೆರೆ. ಕೆಂಪು ಮಸಿ, ಎರಡು ಗೆರೆ. ಅವಳ ಪ್ರಬಂಧಗಳನ್ನು ತಿದ್ದಿದ ಕೈ ಅದೇ.

"ಲಗಮಪ್ಪಣ್ಣ, ಈ ಕಾಗದ ಎಲ್ಲೀದು?"

"ರದ್ದೀರಿ ಅಕ್ಕಾರ. ಗಾಡಿಯಾಗ ಇತ್ತು, ತಗೊಂಡೆ."

ತಂತಿಗೆ ಸಿಕ್ಕಿಸಿದ್ದ ಕಾಗದಗಳನ್ನು ಅವಳು ಕಿತ್ತುಕೊಂಡಳು. ಒಂದೊಂದಾಗಿ ಸರಿಸಿದಳು. ಇಂಗ್ಲಿಷ್. ಇಂಗ್ಲಿಷ್. ಮತ್ತೆ ಇಂಗ್ಲಿಷ್. ಒಂದೂ ಕನ್ನಡವಿಲ್ಲ, ಉರ್ದುವಿಲ್ಲ.

"ಇವು ಮಾಸ್ತರವು! ಪಕ್ಕದ ಮನ್ಯಾಗ ಇದ್ದೂ ಅವರ ಅಕ್ಷರ ಗುರತ ಸಿಗಲಿಲ್ಲೇನು?"

"ಅಯ್ಯ, ನಾ ಓದಾಂವೇನ್ರಿ? ಕಾಗದಾ ಎಣ್ಣಿ ಹೀರತೈತೋ ಇಲ್ಲೋ ಅಷ್ಟ ನೋಡಾಂವ. ಮುಂಜಾನಿಂದ ಎಷ್ಟೋ ಮಂದಿ ತಿಂದು ಒಗದು ಹೋದ್ರು. ಯಾರೂ ಏನೂ ಅನ್ನಲಿಲ್ಲ."

ಠಾಣೆಗೆ ಒಯ್ದು ತೋರಿಸಿದಳು. ಶಟ್ಟೆಪ್ಪ ಮೇಜು ತಟ್ಟಿದರು. "ಕಂಡ್ರೇನು? ಬ್ಯಾಡಾದ್ದನ್ನ ರದ್ದಿಗೆ ಹಾಕ್ಯಾನ."

"ಇಂಗ್ಲಿಷ್ ಚೀಟಿನೂ ಅವನ ಪಿಎಚ್‌ಡಿಗೆ ಬೇಕಾದ್ದ ಸಾಹೇಬ್ರ. ಅದನ್ನ ಯಾಕ ಬಿಸಾಕತಾನ?"

ಶಟ್ಟೆಪ್ಪ ಎಣ್ಣೆ ಹತ್ತಿದ ಹಾಳೆಗಳನ್ನು ಮತ್ತೊಮ್ಮೆ ತಿರುವಿಹಾಕಿದರು.

* * *

ಶುಕ್ರವಾರ ನಮಾಜು ಮುಗಿದ ಕೂಡಲೇ ಮಸೀದಿಯ ಉಸ್ತುವಾರಿ ನೋಡುವ ಅಮೀರ್ ಚಾಚಾ ಹಿನಾಳ ಮನೆ ಬಾಗಿಲಿಗೇ ಬಂದರು. ಮುಖ ಕೆಂಪಾಗಿತ್ತು. ಕೈಯಲ್ಲಿ ಕಾಗದದ ರಾಶಿ.

ಮಸೀದಿಯ ಹೊರಗೋಡೆಗೆ ಒಂದು ತಗಡಿನ ಡಬ್ಬಿ ಇದೆ. ಅಲ್ಲಾನ ಹೆಸರಿರುವ ಕಾಗದ ಕಾಲಿಗೆ ಬೀಳಬಾರದೆಂದು ಜನ ಹಳೆಯ ಕ್ಯಾಲೆಂಡರು, ಹರಿದ ಪುಟ, ಮದುವೆ ಕಾರ್ಡುಗಳನ್ನು ಅದರಲ್ಲಿ ಹಾಕುತ್ತಾರೆ. ತುಂಬಿದ ಮೇಲೆ ಅಮೀರ್ ಚಾಚಾ ಅದನ್ನು ಮಲಪ್ರಭೆಗೆ ಒಯ್ದು ಹರಿಯುವ ನೀರಿಗೆ ಬಿಡುತ್ತಾರೆ.

"ಪೇಪರಿನ್ಯಾಗ ಬರಿ ಬೇಟಾ. ಯಾರೋ ಹಲ್ಕಾ ಮಂದಿ ಮಸೂತಿಗೆ ಬೈದು ಡಬ್ಬ್ಯಾಗ ಹಾಕ್ಯಾರ. ನೋಡು. ಬೇಶರಮ್. ಬೇಈಮಾನ್. ನಾಲಾಯಕ್. ನಾಪಾಕ್! ಇದನ್ನ ಹೊಳಿಗೆ ಬಿಡಲೋ ಬ್ಯಾಡೋ ನನಗ ತಿಳೀವಲ್ದು."

ಹಿನಾ ನೋಡಿದಳು. ಉರ್ದು ಅಕ್ಷರ. ಕೆಂಪು ಮಸಿ. ಬೇ ಕೆಳಗೆ ಎರಡು ಗೆರೆ. ನಾ ಕೆಳಗೆ ಎರಡು ಗೆರೆ.

"ಚಾಚಾ, ಇದು ಬೈಗಳ ಅಲ್ಲ. ಮಾಸ್ತರ ಚೀಟಿ. ಹೊಳಿಗೆ ಬಿಡಬ್ಯಾಡ್ರಿ, ನಿಮ್ಮ ಕಾಲ ಹಿಡೀತೇನಿ."

ಶಟ್ಟೆಪ್ಪನಿಗೆ ಸುದ್ದಿ ಮುಟ್ಟಿದಾಗ ಅವರ ಲೆಕ್ಕ ಮುಗಿದೇ ಹೋಯಿತು. "ಅವಗ ಉರ್ದು ಬರೂದಿಲ್ಲ. ಇಟ್ಟುಕೊಂಡು ಏನ ಮಾಡ್ಯಾನು? ನಿಮ್ಮ ಮಂದಿ ಮ್ಯಾಲ ಸಂಶಯ ಬರಲಿ ಅಂತ ಮಸೂತಿ ಡಬ್ಬಿಗೆ ಹಾಕ್ಯಾನ."

ಈ ಮಾತು ಠಾಣೆಯ ಹೊಸಿಲು ದಾಟಿದರೆ ಸಂಜೆಯೊಳಗೆ ಓಣಿಯಲ್ಲಿ ಬೇರೆಯೇ ಸುದ್ದಿಯಾಗುತ್ತದೆ. ಆಗ ಹೋಗುವುದು ಮಲ್ಲಿಕಾರ್ಜುನನ ನೌಕರಿ ಒಂದೇ ಅಲ್ಲ, ಊರಿನಲ್ಲಿ ಅವನು ತಲೆ ಎತ್ತುವಂತೆಯೂ ಇರುವುದಿಲ್ಲ.

"ಸಂಜೀ ತನಕ ಅಂದಿದ್ರಿ ಸಾಹೇಬ್ರ. ಇನ್ನಾ ಸಂಜೀ ಆಗಿಲ್ಲ."

* * *

ಅವಳು ಮಾಸ್ತರರ ಎದುರು ಕೂತಳು. ಇಂಗ್ಲಿಷ್ ಚೀಟಿ ಭಜಿ ಗಾಡಿಯಲ್ಲಿ. ಉರ್ದು ಚೀಟಿ ಮಸೀದಿಯಲ್ಲಿ. ಕನ್ನಡದ್ದು ಎಲ್ಲಿ? ಒಬ್ಬನೇ ಕಳ್ಳನೋ, ಮೂವರೋ? ಎಷ್ಟು ತಿರುವಿ ನೋಡಿದರೂ ತಲೆಗೆ ಹತ್ತಲಿಲ್ಲ.

"ಸರ್, ಚೀಟಿಗಳನ್ನ ಹೆಂಗ ಕಟ್ಟಿ ಇಟ್ಟಿದ್ರಿ? ಕನ್ನಡದ್ದು ಬ್ಯಾರೆ, ಉರ್ದು ಬ್ಯಾರೆ?"

"ಹುಚ್ಚಿ," ಮಾಸ್ತರರು ಬಿಸಿಯಾದರು. "ಇಷ್ಟ ತಿಳಕೊಂಡೇನು? ಸಂಸ್ಕೃತದ ಅ, ಪಾರಸಿ ನಾ, ಇಂಗ್ಲಿಷಿನ ಅನ್, ಮೂರೂ ಒಂದ ಮನಿತನದ್ದು. ಒಂದ ಕಟ್ಟಿನ್ಯಾಗ ಇರಬೇಕು. ಅನ್ಯಾಯದ ಬಾಜೂಕ ನಾಇನ್ಸಾಫಿ. ಬೇ ಬಂದದ್ದು ಬ್ಯಾರೆ ಕಡಿಂದ, ಅದರ ಕಟ್ಟು ಬ್ಯಾರೆ. ಅಕ್ಷರ ನೋಡಿ ಕಟ್ಟಿದ್ರ ನನ್ನ ಕೆಲಸಕ್ಕ ಅರ್ಥ ಏನೈತಿ?"

"ಅಂದ್ರ ಪ್ರತಿ ಕಟ್ಟಿನ್ಯಾಗೂ ಎಲ್ಲಾ ಅಕ್ಷರ ಕೂಡಿದ್ವು?"

"ಎಲ್ಲಾ."

ಹಿನಾ ನೆಟ್ಟಗಾದಳು. ಹಾಗಾದರೆ ಯಾರೋ ಒಂದೊಂದೇ ಕಟ್ಟು ಬಿಚ್ಚಿದ್ದಾರೆ. ನೆಲದ ಮೇಲೆ ಹರವಿಕೊಂಡು, ಬೇರೆ ಬೇರೆ ಗುಡ್ಡೆ ಹಾಕಿದ್ದಾರೆ. ಅವಸರದ ಕಳ್ಳನಿಗೆ ಅಷ್ಟು ಪುರಸೊತ್ತು ಎಲ್ಲಿಯದು?

"ಸಾಕು ಮಾತು." ಜೈಬುನ್ನಿಸಾ ಔಷಧದ ಬಾಟಲಿ ಹಿಡಿದು ಬಂದರು. ಗಂಡನ ಗದ್ದ ಎತ್ತಿ, ಪಟ್ಟಿ ಸರಿಸಿ ಹನಿ ಬಿಟ್ಟರು. ಹಸಿರು ಬಟ್ಟೆಯನ್ನು ಎಳೆದು ಸರಿಮಾಡಿದರು. "ಹೋದ ಕಣ್ಣೂ ಹಿಂಗ ಹೋತು. ಮುಂಜಾನೆ ಯಾರೂ ಏಳೂಕಿಂತ ಮೊದಲ ಪಟ್ಟಿ ಎತ್ತಿ ಚೀಟಿ ಓದಾಂವ ಈ ಮನಿಷಾ. ರವಿವಾರ ಅಂವ ಬಂದಾಗೂ ಎತ್ತಿದ್ರು. ನಾ ನೋಡೇನಿ."

"ಒಂದ ಅಕ್ಷರ ನೋಡಾಕ ಅಷ್ಟ..."

"ಒಂದ ಅಕ್ಷರ! ನನಗೇನ ತಿಳೀತೈತಿ, ಸಾಲಿ ಕಲಿಯದಾಕಿ."

ಹಿನಾ ರೊಟ್ಟಿ ಬಡಿದು ಗಟ್ಟಿಯಾದ ಆ ಬೆರಳುಗಳನ್ನೇ ನೋಡುತ್ತ ಕೂತಳು. ಜೈಬುನ್ನಿಸಾ ಒಳಗೆ ಹೋದ ಮೇಲೆ ಕೇಳಿದಳು: "ಸರ್, ಟ್ರಂಕು ಖಾಲಿ ಐತಿ ಅಂತ ಒದರಿದ್ರಲ್ಲ, ಜೈಬುನ್ನಿಸಾ ಖಾಲಾ ಆವಾಗ ಎಲ್ಲಿದ್ರು?"

"ರೊಟ್ಟಿ ಬಡೀತಿದ್ಲು. ಎಷ್ಟ ಒದರಿದ್ರೂ ಸಪ್ಪಳ ನಿಲ್ಲವಲ್ದಾಗಿತ್ತು."

ಹಿನಾ ಎದ್ದಳು. ಮನೆಯಿಂದ ಹೊರಬಿದ್ದು ಪಕ್ಕದ ಬಾಗಿಲು ತಟ್ಟಿದಳು.

* * *

ಲಗಮಪ್ಪನ ಹೆಂಡತಿ ಸಾವಂತ್ರೆವ್ವ ಕಡಲೆಹಿಟ್ಟು ಜರಡಿ ಹಿಡಿಯುತ್ತಿದ್ದಳು. ಹಿನಾಳನ್ನು ಕಂಡವಳೇ ಜರಡಿ ಕೆಳಗಿಟ್ಟಳು.

"ಸಾವಂತ್ರೆಕ್ಕಾ, ನಿಮ್ಮ ದೇವರ ಜಗಲಿ ನೋಡಬೇಕಾಗಿತ್ತು."

"ಯಾ-ಯಾಕ್ರೀ?"

"ದಸರಾದಾಗ ಖಂಡೇಪೂಜಿಗೆ ಪುಸ್ತಕಾ ಎಲ್ಲಿ ಇಡತೀರಿ ಅಂತ."

ಸಾವಂತ್ರೆವ್ವ ನೆಲಕ್ಕೆ ಕುಕ್ಕರಿಸಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಪೊಲೀಸರು ಬಂದಾಗಿಂದ ಬಾಯಾಗ ಉಗುಳಿಲ್ಲರಿ ನನಗ. ಅಕ್ಕ ಯಾರಿಗೂ ಹೇಳಬ್ಯಾಡ ಅಂದಿದ್ಲು."

ಜಗಲಿಯ ಮೇಲೆ, ಎಲ್ಲಮ್ಮನ ಫೋಟೋದ ಮಗ್ಗುಲಲ್ಲಿ ಹಳದಿ ಬಟ್ಟೆಯ ಒಂದು ದೊಡ್ಡ ಗಂಟು. ಗಂಟಿನ ಮೇಲೆ ಭಂಡಾರ, ಒಂದು ಹೂವು. ಹಿನಾ ಚಪ್ಪಲಿ ದೂರ ಬಿಟ್ಟು ಬಂದು ಗಂಟು ಬಿಚ್ಚಿಸಿದಳು. ಅನ್ಯಾಯ. ಅನಾದಿ. ನಿರ್ಮಲ. ಕನ್ನಡವೆಲ್ಲ ಅಲ್ಲಿತ್ತು.

* * *

ಸಂಜೆ ಬೀಳುವ ಮೊದಲೇ ಹಿನಾ ಶಟ್ಟೆಪ್ಪನನ್ನೂ ಮಲ್ಲಿಕಾರ್ಜುನನನ್ನೂ ಮಾಸ್ತರರ ಮನೆಗೆ ಕರೆತಂದಳು. ಚಾಪೆಯ ಮೇಲೆ ಮೂರು ಗುಡ್ಡೆ ಇಟ್ಟಳು.

"ಸಾಹೇಬ್ರ, ಓದು ಬಂದ ಕಳ್ಳ ಈ ಕಟ್ಟುಗಳನ್ನ ಬಿಚ್ಚೂದ ಇಲ್ಲ. ಬಿಚ್ಚಿದ್ರ ಕದ್ದದ್ದೂ ದಂಡ. ಮಲ್ಲಿಕಾರ್ಜುನಗ ಅದು ಎಲ್ಲಾರಕಿಂತ ಛಲೋ ಗೊತ್ತು. ರದ್ದಿ ಮಾರಾಂವ ಬಿಚ್ಚೂದಿಲ್ಲ, ಅವಗ ಎಲ್ಲಾ ಕಾಗದಾ ಒಂದ. ಇಲ್ಲಿ ಯಾರೋ ಬರೇ ಅಕ್ಷರದ ಆಕಾರ ನೋಡಿ ಬ್ಯಾರೆ ಮಾಡ್ಯಾರ."

"ಅಂದ್ರ ಓದಾಕ ಬಾರದವರು," ಶಟ್ಟೆಪ್ಪ ನಿಧಾನವಾಗಿ ಹೇಳಿದರು.

"ಹೌದ್ರಿ. ಉರ್ದು ಓದಾಕ ಬಂದವರು ಬೇಶರಮ್, ನಾಪಾಕ್ ಅನ್ನೂದನ್ನ ಪವಿತ್ರ ಕಾಗದದ ಡಬ್ಬಿಗೆ ಹಾಕತಾರೇನ್ರಿ? ಆ ಅಕ್ಷರ ಕಂಡ್ರ ಕಣ್ಣಿಗೆ ಒತ್ತಿಕೊಳ್ಳೂವರು, ಆದ್ರ ಓದಾಕ ಬಾರದವರು ಹಾಕತಾರ. ಅವರಿಗೆ ಕನ್ನಡ ಅಕ್ಷರಕ್ಕೂ ಪೂಜಿ ಐತಿ ಅಂತ ಗೊತ್ತಿತ್ತು. ಕೀಲಿ ಎಲ್ಲೈತಿ ಅಂತ ಗೊತ್ತಿತ್ತು. ಇಷ್ಟನ್ನೂ ಹರವಿ ಕುಂಡ್ರಾಕ ಮನಿಯೊಳಗ ಪುರಸೊತ್ತಿತ್ತು. ಟ್ರಂಕು ಖಾಲಿ ಐತಿ ಅಂತ ಸರ್ ಒದರಿದಾಗ ಅವರಿಗೆ ಗಾಬರಿ ಆಗಲಿಲ್ಲ, ರೊಟ್ಟಿ ಬಡಿಯೂದನ್ನ ನಿಲ್ಲಸಲಿಲ್ಲ. ಯಾಕಂದ್ರ ಖಾಲಿ ಐತಿ ಅಂತ ಅವರಿಗೆ ಮೊದಲ ಗೊತ್ತಿತ್ತು."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಮಾಸ್ತರರೂ ಆ ಕಡೆಗೇ ಮುಖ ಮಾಡಿದರು.

ಜೈಬುನ್ನಿಸಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. ಅಳಲಿಲ್ಲ.

"ಹೌದು, ನಾನ. ಮಧ್ಯಾಹ್ನ ಇವರು ಮಲಗಿದಾಗ ತಗದೆ. ಓದೂ ಅಕ್ಷರಾನ ಜ್ವಾಳದ ಚೀಲದ ಬುಡಕ ಇಡಲೇನು? ಉಗರಗೋಳದಾಗ ನಮ್ಮಪ್ಪನ ಬಳೆ ಅಂಗಡಿ ಎಲ್ಲಮ್ಮನ ಗುಡ್ಡದ ದಾರಿ ಮ್ಯಾಲ ಇತ್ತು. ಯಾರ ಯಾರ ಏನೇನ ಎಲ್ಲೆಲ್ಲಿ ಇಡತಾರ ಅಂತ ನೋಡಕೋತ ಬೆಳದಾಕಿ. ನಮ್ಮದು ಅಲ್ಲಾನ ಮನಿ ಡಬ್ಬಿಗೆ. ಅದಕಿಂತ ಭದ್ರ ಜಾಗಾ ಯಾವುದೈತಿ? ಅವರದು ಸಾವಂತ್ರೆವ್ವನ ಜಗಲಿಗೆ. ಕಣ್ಣು ನೆಟ್ಟಗಾದ ಮ್ಯಾಲ ತಂದಿಡಾಕಿ ಇದ್ದೆ."

"ಡಬ್ಬಿ ಹೊಳಿಗೆ ಹೋಗತೈತಲ್ಲ ಖಾಲಾ."

"ಅದು ನನಗ ಎಲ್ಲಿ ಗೊತ್ತು? ಮಸೂತಿಯೊಳಗ ಹೋಗಾಕೇನ ನಾನು?"

"ಇಂಗ್ಲಿಷ್?" ಮಾಸ್ತರರು ಕೇಳಿದರು.

ಹಿನಾಳ ಬೆನ್ನಿಗೇ ಬಂದಿದ್ದ ಸಾವಂತ್ರೆವ್ವ ಕಂಬದ ಮರೆಯಿಂದ ಹೇಳಿದಳು: "ಅದಕ್ಕ ಯಾವ ದೇವರೂ ಇಲ್ಲಲ್ರಿ ಸರ. ಅಕ್ಕ ಕೇಳಿದ್ಲು, ನನಗೂ ತಿಳೀಲಿಲ್ಲ. ಗಾಡಿ ರದ್ದಿಯೊಳಗ ಇಟ್ಟೆ."

ಶಟ್ಟೆಪ್ಪನಿಗೆ ನಗು ಬಂತು. ಮಲ್ಲಿಕಾರ್ಜುನನ ಮುಖ ನೋಡಿ ನುಂಗಿಕೊಂಡರು.

"ಮಲ್ಲಿಕಾರ್ಜುನನ್ನ ಠಾಣಾಕ್ಕ ಒಯ್ದದ್ದು ಗೊತ್ತಿತ್ತಲ್ಲ ಖಾಲಾ?" ಹಿನಾ ಕೇಳಿದಳು. "ಆವಾಗರ ಹೇಳಬೇಕಿತ್ತಲ್ಲ? ಸೋಮವಾರ ಇವರ ಇಂಟರ್‌ವ್ಯೂ ಐತಿ, ಇವರವ್ವ ಬಾಗಿಲಾ ತಗದಿಲ್ಲಂತ."

"ಗೊತ್ತಿತ್ತು. ಎರಡ ದಿನ ಕುಂತು ಬರತಾನ ಅಂದ್ಕೊಂಡೆ. ಕಣ್ಣು ಹೋದ್ರ ಬರತೈತೇನು? ಪ್ರತಿ ರವಿವಾರ ಬಂದು ಇವರನ್ನ ಎಬ್ಬಿಸಿ ಕುಂಡರಸತಿದ್ದ. ಸಿಟ್ಟಿತ್ತು ನನಗ. ಇಂಟರ್‌ವ್ಯೂ ಪಿಂಟರ್‌ವ್ಯೂ ನನಗ ಯಾರು ಹೇಳ್ಯಾರ?"

"ಆತ ಬಿಡ್ರಿ, ಮನಿಯೊಳಗಿಂದು ಮನಿಯೊಳಗ," ಎಂದು ಶಟ್ಟೆಪ್ಪ ಎದ್ದರು. "ಕೇಸಿಲ್ಲ. ಮಾಸ್ತರ, ಅರ್ಜಿ ವಾಪಸ್ ತಗೊಂಡೆ ಅಂತ ಸಹಿ ಹಾಕ್ರಿ."

ಮಾಸ್ತರರು ತಡವರಿಸಿ ಸಹಿ ಹಾಕಿದರು. ಆಮೇಲೆ ಗಾಳಿಯಲ್ಲಿ ಕೈ ಚಾಚಿದರು. ಮಲ್ಲಿಕಾರ್ಜುನ ತುಸು ತಡೆದು ಆ ಕೈಗೆ ಸಿಕ್ಕಿದ.

"ನಿನ್ನ ಹೆಸರು ಹೇಳಿದಾಂವ ನಾನಪಾ."

"ಗೊತ್ತೈತ್ರಿ ಸರ್. ಠಾಣಾದಾಗ ಓದಿ ಹೇಳಿದ್ರು."

"ಮತ್ತ ಯಾವಾಗ ಬರತಿ?"

ಅವನು ಕೈ ಬಿಡಿಸಿಕೊಂಡ. ನಮಸ್ಕಾರ ಮಾಡಿದ. ಹೊರಗೆ ನಡೆದ.

* * *

ಸವದತ್ತಿ ಬಸ್ಸು ಹೊರಡುವುದರಲ್ಲಿತ್ತು. ಮಲ್ಲಿಕಾರ್ಜುನನನ್ನು ಬಿಟ್ಟುಬರಲು ಹೋದ ಹಿನಾ ಕೆಳಗೆ ನಿಂತಿದ್ದಳು. ಆಗ ಅವಳ ಪಕ್ಕದಿಂದಲೇ ಒಂದು ಬುರ್ಖಾ ಹಾದು ಬಸ್ಸು ಹತ್ತಿತು. ಏದುಸಿರು ಬಿಡುತ್ತ ಮಲ್ಲಿಕಾರ್ಜುನನ ಮುಂದಿನ ಸೀಟಿನಲ್ಲಿ ಕೂತಿತು.

"ಖಾಲಾ! ಎಲ್ಲಿಗೆ? ಸರ್ ಔಷಧ?" ಹಿನಾ ಕಿಟಕಿಯ ಹತ್ತಿರ ಓಡಿದಳು.

"ಸಾವಂತ್ರೆವ್ವ ಹಾಕತಾಳ." ಜೈಬುನ್ನಿಸಾ ಹಿಂದಕ್ಕೆ ತಿರುಗಿದರು. "ನಿಮ್ಮವ್ವ ಬಾಗಿಲಾ ತಗದಿಲ್ಲಂತಲ್ಲೋ?"

ಮಲ್ಲಿಕಾರ್ಜುನ ಗಾಬರಿಯಾದ. "ಬ್ಯಾಡ್ರಿ ಅಮ್ಮಾ. ನಾನ ಹೇಳತೇನಿ."

"ನೀ ಹೇಳಿದ್ರ ಯಾರು ನಂಬತಾರ? ಪೊಲೀಸರು ಬಿಟ್ಟು ಕಳಿಸಿದವರೆಲ್ಲಾ ನಾ ಕದ್ದಿಲ್ಲ ಅಂತಾರ. ಕದ್ದಾಕಿ ಹೋಗಿ ಹೇಳಬೇಕು."

"ಓಣ್ಯಾಗ ಎಲ್ಲಾರೂ ಇರತಾರ್ರಿ..."

"ಇರಲಿ. ಜೀಪು ಎಲ್ಲಿ ನಿಂತಿತ್ತು, ಆ ಜಾಗಾ ತೋರಸು. ನಾನೂ ಅಲ್ಲೇ ನಿಂದರತೇನಿ."

ಕಂಡಕ್ಟರ್ ಸೀಟಿ ಊದಿದ.